ಮಗುವಿನ ಮೊದಲ ಕೋಡ್ ಅದರ ಊರಿನ ಪುಟವಾಗಲಿ

ಹಿರಿಯ ಪ್ರಾಥಮಿಕ ಶಾಲೆಗಳ ಮೇಷ್ಟ್ರುಗಳೇ, ಟೀಚರುಗಳೇ,

ಮಕ್ಕಳಿಗೆ ಕೋಡಿಂಗ್ ಕಲಿಸಬೇಕು ಎಂಬ ಮಾತು ಈಗ ನಿಮ್ಮ ಶಾಲೆಯ ಗೇಟು ದಾಟಿ ಒಳಗೆ ಬಂದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರನೆಯ ತರಗತಿಯ ಹೊತ್ತಿಗೆ ಕೋಡಿಂಗ್ ಚಟುವಟಿಕೆ ಇರಲಿ ಎಂದಿತು. 2023ರಲ್ಲಿ ಕರ್ನಾಟಕ ಸರ್ಕಾರ ರಾಜ್ಯಕ್ಕೇ ಒಂದು ಶಿಕ್ಷಣ ನೀತಿ ಬೇಕೆಂದು ಆಯೋಗ ರಚಿಸಿತು. ನೀತಿ ಯಾವುದೇ ಉಳಿಯಲಿ, ಅಳಿಯಲಿ, ಈ ಬೇಡಿಕೆ ಮಾತ್ರ ವಾಪಸು ಹೋಗುವಂಥದ್ದಲ್ಲ. ಲಾಕ್‌ಡೌನ್ ಕಾಲದಲ್ಲಿ ಟೀವಿಯಲ್ಲಿ, ಮೊಬೈಲಿನಲ್ಲಿ ಬಂದ ಜಾಹೀರಾತುಗಳು ನಿಮಗೆ ನೆನಪಿರಬಹುದು. ಆರು ವರ್ಷದ ಮಗು ಆ್ಯಪ್ ಮಾಡಿತು, ಹೂಡಿಕೆದಾರರು ಅದರ ಮನೆ ಮುಂದೆ ಬಂದು ನಿಂತರು ಎಂದು ಹೆದರಿಸಿ ಫೀಸು ಕಟ್ಟಿಸಿಕೊಂಡ ಜಾಹೀರಾತುಗಳು. ಅಂಥ ಕೆಲವನ್ನು ಆಗ ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಹಿಂತೆಗೆಸಬೇಕಾಯಿತು. ಜಾಹೀರಾತು ಹೋಯಿತು, ಹೆದರಿಕೆ ಉಳಿಯಿತು. ನಮ್ಮ ಮಕ್ಕಳು ಹಿಂದೆ ಬಿದ್ದರೇನೋ ಎಂದು ಹಳ್ಳಿಯ ತಾಯಂದಿರು ಕೂಡ ಈಗ ಕೇಳುತ್ತಾರೆ.

ಅವರಿಗೆ ಉತ್ತರ ಕೊಡಬೇಕಾದವರು ನೀವು. ಅದಕ್ಕೇ ಈ ಪತ್ರವನ್ನು ಇಲಾಖೆಗೂ ಬರೆಯದೆ, ಕಂಪನಿಗಳಿಗೂ ಬರೆಯದೆ ನಿಮಗೆ ಬರೆಯುತ್ತಿದ್ದೇನೆ.

ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಕೆಲಸ ಮಾಡುವವನು. ಬಿಡುವಿದ್ದಾಗ ಪಾವಗಡದ ಕಡೆಯ ಹಳ್ಳಿ ಶಾಲೆಗಳಲ್ಲಿ ಮಕ್ಕಳ ಜೊತೆ ಕೂತು ಕಂಪ್ಯೂಟರ್ ಕಲಿಸುತ್ತಾ ಬಂದಿದ್ದೇನೆ. ಇದರಿಂದ ನನ್ನಲ್ಲಿ ಗಟ್ಟಿಯಾದ ನಂಬಿಕೆ ಒಂದೇ. ಮಗು ಬರೆಯುವ ಮೊದಲ ಕೋಡ್, ಆ ಮಗುವಿಗೆ ಹೇಳಲಿಕ್ಕಿರುವ ಒಂದು ಸಂಗತಿಯನ್ನು ಹೊತ್ತಿರಬೇಕು. ಹಾಗಾಗಬೇಕಾದರೆ ಮಕ್ಕಳು ತಮ್ಮ ಊರಿನ ಬಗ್ಗೆ ಕನ್ನಡದಲ್ಲಿ ಒಂದು ಪುಟ್ಟ ವೆಬ್‌ಸೈಟ್ ಕಟ್ಟುವುದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಒಂದು ಹಳೆಯ ಕಂಪ್ಯೂಟರು, ಅದರಲ್ಲಿ ಮೊದಲೇ ಇರುವ ನೋಟ್‌ಪ್ಯಾಡ್, ಒಂದು ಬ್ರೌಸರ್. ಇಂಟರ್‌ನೆಟ್ ಬೇಡ. ದುಡ್ಡು ಬೇಡ. ನೀವು ಮಾತ್ರ ಬೇಕೇ ಬೇಕು.

ವೆಬ್‌ಸೈಟೇ ಏಕೆ? ಆಟದ ಹಾಗೆ ಬಣ್ಣದ ತುಂಡುಗಳನ್ನು ಜೋಡಿಸಿ ಬೆಕ್ಕನ್ನು ಕುಣಿಸುವ ಸ್ಕ್ರ್ಯಾಚ್ ಇದೆಯಲ್ಲ ಎಂದು ನಿಮ್ಮಲ್ಲಿ ಕೆಲವರು ಕೇಳುತ್ತೀರಿ. ಇದೆ, ಒಳ್ಳೆಯದೇ. ಎಂಐಟಿಯಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ 2007ರಲ್ಲಿ ಹೊರತಂದ ಸ್ಕ್ರ್ಯಾಚ್‌ನ ಹಿಂದೆ ಸೀಮೋರ್ ಪ್ಯಾಪರ್ಟ್ ಎಂಬ ಗಣಿತಜ್ಞನ ಜೀವಮಾನದ ಕೆಲಸವಿದೆ. ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿ, ಜಿನೀವಾದಲ್ಲಿ ಮಕ್ಕಳ ಮನಶ್ಶಾಸ್ತ್ರಜ್ಞ ಪಿಯಾಜೆಯ ಜೊತೆ ದುಡಿದ ಪ್ಯಾಪರ್ಟ್, 1967ರಲ್ಲಿ ಸಂಗಡಿಗರೊಡನೆ ಮಕ್ಕಳಿಗಾಗಿ ಲೋಗೋ ಎಂಬ ಭಾಷೆ ಕಟ್ಟಿದ. ಕಂಪ್ಯೂಟರ್ ಮಗುವಿಗೆ ಪಾಠ ಒಪ್ಪಿಸುವ ಯಂತ್ರವಾಗಬಾರದು, ಮಗುವೇ ಕಂಪ್ಯೂಟರಿಗೆ ಹೇಳಿಕೊಡುವಂತಾಗಬೇಕು ಎಂದು ಅವನು ಸಾರಿ ಸಾರಿ ಹೇಳಿದ. ತಾನು ಕಟ್ಟಿದ್ದನ್ನು ಇನ್ನೊಬ್ಬರಿಗೆ ತೋರಿಸಬಲ್ಲ ಮಗು ಚೆನ್ನಾಗಿ ಕಲಿಯುತ್ತದೆ ಎಂಬುದೂ ಅವನ ಮಾತೇ. ಈ ಎರಡನೆಯ ಮಾತನ್ನು ಹಿಡಿದೇ ನಾನು ವೆಬ್‌ಸೈಟಿನ ಪರ ವಾದಿಸುತ್ತಿದ್ದೇನೆ. ಕುಣಿಯುವ ಬೆಕ್ಕನ್ನು ಅಜ್ಜಿಗೆ ತೋರಿಸಿದರೆ ಅಜ್ಜಿ ನಕ್ಕು ಸುಮ್ಮನಾಗುತ್ತಾರೆ. ಅಜ್ಜಿಯೇ ಹೇಳಿದ ಮಾತು ಪರದೆಯ ಮೇಲೆ ಕಂಡರೆ ಎದ್ದು ಹತ್ತಿರ ಬಂದು, ಇದು ಹಾಗಲ್ಲ ಹೀಗೆ ಎಂದು ತಿದ್ದುತ್ತಾರೆ.

ಪಾವಗಡದ್ದೇ ಉದಾಹರಣೆ ಕೊಡುತ್ತೇನೆ. ಅಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಎದ್ದು ನಿಂತಿದೆ. ತಿರುಮಣಿ, ವಳ್ಳೂರು, ಬಳಸಮುದ್ರ ಮುಂತಾದ ಹಳ್ಳಿಗಳ ರೈತರು ಜಮೀನನ್ನು ಮಾರದೆ ಗುತ್ತಿಗೆಗೆ ಕೊಟ್ಟಿದ್ದಾರೆ. ಇಂಟರ್‌ನೆಟ್‌ನಲ್ಲಿ ಆ ಊರುಗಳನ್ನು ಹುಡುಕಿ ನೋಡಿ, ಮೆಗಾವ್ಯಾಟು, ಎಕರೆ, ಕೋಟಿಗಳ ಲೆಕ್ಕ ಬೇಕಾದಷ್ಟು ಸಿಗುತ್ತದೆ. ಆ ಗಾಜಿನ ಹಲಗೆಗಳ ಕೆಳಗಿನ ಹೊಲದಲ್ಲಿ ಮೊದಲು ಏನು ಬೆಳೆಯುತ್ತಿತ್ತು, ಕುರಿಗಳು ಯಾವ ದಾರಿಯಲ್ಲಿ ಮೇಯಲು ಹೋಗುತ್ತಿದ್ದವು, ಈಗ ಎಲ್ಲಿ ಹೋಗುತ್ತವೆ ಎಂಬುದು ಕನ್ನಡದಲ್ಲಿ ಅಷ್ಟಾಗಿ ಸಿಗುವುದಿಲ್ಲ. ಆರನೆಯ ತರಗತಿಯ ಹುಡುಗಿಯೊಬ್ಬಳಿಗೆ ಅದು ಗೊತ್ತು. ಗೊತ್ತಿಲ್ಲದಿದ್ದರೆ ಸಂಜೆ ಮನೆಗೆ ಹೋಗಿ ತಾತನನ್ನು ಕೇಳಿ ಬರುತ್ತಾಳೆ. ಕಡಲೆಕಾಯಿ ಹೊಲ, ಹುಣಸೆ ಮರ, ಬತ್ತಿದ ಬಾವಿ ಎಂದು ಅವಳು ಬರೆದುಕೊಂಡು ಬಂದದ್ದು ಒಂದು ಪುಟವಾಗುತ್ತದೆ. ಅದನ್ನು ಕಟ್ಟುವಾಗ ಅವಳು ಕಲಿಯುವ ಕೋಡ್ ಅವಳಿಗೆ ಬೇಕಾದದ್ದರಿಂದಲೇ ಕಲಿತದ್ದು. ಪಠ್ಯದಲ್ಲಿದೆ ಎಂದು ಕಲಿತದ್ದು ಪರೀಕ್ಷೆಯ ಆಚೆ ಬರುವುದಿಲ್ಲ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ವೆಬ್ ಹುಟ್ಟಿದ್ದೂ ಬರೆಯುವವರಿಗಾಗಿಯೇ. ಜಿನೀವಾದ ಸೆರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ 1990ರ ಕೊನೆಯಲ್ಲಿ ಬರೆದ ಮೊದಲ ಬ್ರೌಸರ್ ಓದುವುದಕ್ಕೂ ಬರುತ್ತಿತ್ತು, ಪುಟ ತಿದ್ದುವುದಕ್ಕೂ ಬರುತ್ತಿತ್ತು. ಓದುಗ ಬೇರೆ, ಬರಹಗಾರ ಬೇರೆ ಎಂದು ಆತ ಎಣಿಸಿರಲಿಲ್ಲ. 1993ರ ಏಪ್ರಿಲ್ 30ರಂದು ಸೆರ್ನ್ ಈ ತಂತ್ರಜ್ಞಾನವನ್ನು ಯಾರು ಬೇಕಾದರೂ ಶುಲ್ಕವಿಲ್ಲದೆ ಬಳಸಬಹುದೆಂದು ಬಿಟ್ಟುಕೊಟ್ಟಿತು. ನಿಮ್ಮ ಶಾಲೆ ಇವತ್ತು ಯಾರ ಅಪ್ಪಣೆಯೂ ಇಲ್ಲದೆ ವೆಬ್‌ಸೈಟ್ ಕಟ್ಟಬಹುದಾದದ್ದು ಆ ಒಂದು ತೀರ್ಮಾನದಿಂದ. ಆ ಮೊದಲ ದಿನಗಳಲ್ಲಿ ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್ ವಿವರಣೆಯಲ್ಲಿ ಇದ್ದದ್ದು ಬರೀ 18 ಟ್ಯಾಗುಗಳು, ಅಂದರೆ ಗುರುತುಗಳು. ಅಂದು ಬರೆದ ಸರಳ ಪುಟ ಇವತ್ತಿನ ಬ್ರೌಸರಿನಲ್ಲೂ ತೆರೆದುಕೊಳ್ಳುತ್ತದೆ. ಮೂರು ವರ್ಷದ ಹಿಂದಿನ ಆ್ಯಪ್ ಇವತ್ತಿನ ಫೋನಿನಲ್ಲಿ ಓಡದಿರುವ ಕಾಲದಲ್ಲಿ, ಮಗು ಇಂದು ಮಾಡಿದ್ದನ್ನು ಅದು ದೊಡ್ಡದಾದ ಮೇಲೂ ತೆರೆದು ನೋಡಬಹುದು ಎನ್ನುವುದು ಸಣ್ಣ ಮಾತಲ್ಲ.

ಇನ್ನು ಕೆಲಸದ ವಿಷಯಕ್ಕೆ ಬರುತ್ತೇನೆ.

ಮೊದಲು ಕಂಪ್ಯೂಟರ್ ಮುಟ್ಟಬೇಡಿ. ಮಕ್ಕಳು ಹೊರಗೆ ಹೋಗಲಿ, ಕೇಳಲಿ, ಬರೆದುಕೊಳ್ಳಲಿ. ಕೆರೆ ಯಾವಾಗ ಕೋಡಿ ಬಿದ್ದಿತ್ತು, ಜಾತ್ರೆಯಲ್ಲಿ ಯಾರ ಮನೆಯ ಎತ್ತು ಮುಂದೆ ಹೋಗುತ್ತದೆ, ಪಾವು ಸೇರಿನ ಅಳತೆ ಮನೆಯಲ್ಲಿ ಇನ್ನೂ ಯಾರು ಬಳಸುತ್ತಾರೆ, ಶಾಲೆಯ ಅಂಗಳದಲ್ಲಿ ಯಾವ ಹಕ್ಕಿ ಗೂಡು ಕಟ್ಟಿದೆ. ನೀವು ಗೋಡೆ ಪತ್ರಿಕೆ ಮಾಡಿಸಿದವರಾದರೆ ಇದು ನಿಮಗೆ ಹೊಸದೇನೂ ಅಲ್ಲ. ಆಮೇಲೆ ಒಂದೊಂದು ಪುಟಕ್ಕೆ ಒಂದೊಂದು ಹಾಳೆ ಕೊಟ್ಟು ಚಿತ್ರ, ತಲೆಬರಹ, ಬರಹ ಎಲ್ಲೆಲ್ಲಿ ಎಂದು ಪೆನ್ಸಿಲಿನಲ್ಲಿ ಗುರುತು ಮಾಡಿಸಿ. ಹಾಳೆಗಳನ್ನು ನೆಲದ ಮೇಲೆ ಹರಡಿ, ಯಾವ ಪುಟದಿಂದ ಯಾವ ಪುಟಕ್ಕೆ ಹೋಗಬೇಕೋ ಅಲ್ಲಿಗೆ ನೂಲು ಎಳೆಯಿರಿ. ವೆಬ್‌ಸೈಟಿನ ನಕ್ಷೆ ಅಲ್ಲಿಗೆ ಮುಗಿಯಿತು. ಕರೆಂಟ್ ಇಲ್ಲದ ದಿನವೂ ನಡೆಯುವ ಪಾಠ ಇದು.

ನಂತರ ಟ್ಯಾಗು. ತಲೆಬರಹಕ್ಕೆ ಒಂದು, ಪ್ಯಾರಾಕ್ಕೆ ಒಂದು, ಪಟ್ಟಿಗೆ ಎರಡು, ಚಿತ್ರಕ್ಕೆ ಒಂದು, ಕೊಂಡಿಗೆ ಒಂದು. ಹನ್ನೆರಡು ಟ್ಯಾಗು ಗೊತ್ತಿದ್ದರೆ ಊರಿನ ಸೈಟ್ ಕಟ್ಟಬಹುದು. ಅವು ಇಂಗ್ಲಿಷಿನಲ್ಲಿವೆ, ನಮ್ಮ ಮಕ್ಕಳಿಗೆ ಇಂಗ್ಲಿಷ್ ಬಾರದು ಎಂಬ ನಿಮ್ಮ ಅಂಜಿಕೆ ನನಗೆ ಗೊತ್ತು. ಆದರೆ ಅವು ಕೆಲವೇ ಅಕ್ಷರಗಳ ಗುರುತುಗಳು, ವಾಕ್ಯಗಳಲ್ಲ. ಗಣಿತದಲ್ಲಿ ಎಕ್ಸ್, ವೈ ಬರೆಯುವ ಮಗುವಿಗೆ ಇದು ಭಾರವಲ್ಲ. ಟ್ಯಾಗಿನ ನಡುವೆ ತುಂಬುವುದೆಲ್ಲ ಕನ್ನಡ.

ತೆರೆದ ಟ್ಯಾಗನ್ನು ಮುಚ್ಚಬೇಕು ಎಂಬುದೇ ಮೊದಲ ಶಿಸ್ತು. ಜೋಳ ತುಂಬಿದ ಚೀಲದ ಬಾಯಿ ಕಟ್ಟದೆ ಎತ್ತಿದರೆ ಏನಾಗುತ್ತದೆ ಎಂದು ಕೇಳಿ, ಮಕ್ಕಳು ತಾವೇ ಹೇಳುತ್ತಾರೆ. ತಲೆಬರಹದ ಟ್ಯಾಗು ಮುಚ್ಚುವುದು ಮರೆತರೆ ಕೆಳಗಿನ ಬರಹವೆಲ್ಲ ದೊಡ್ಡ ದಪ್ಪ ಅಕ್ಷರದಲ್ಲಿ ಬಂದುಬಿಡುತ್ತದೆ. ಮಕ್ಕಳು ಕಿರುಚುತ್ತಾರೆ, ನಗುತ್ತಾರೆ, ಆಮೇಲೆ ಎಲ್ಲಿ ತಪ್ಪಿತು ಎಂದು ಹುಡುಕುತ್ತಾರೆ. ವೆಬ್‌ಸೈಟಿನ ದೊಡ್ಡ ಗುಣ ಇಲ್ಲಿದೆ. ಬೇರೆ ಎಷ್ಟೋ ಭಾಷೆಗಳಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಏನೂ ಕಾಣಿಸದೆ ಕೆಂಪಕ್ಷರದ ಇಂಗ್ಲಿಷ್ ಬೈಗುಳ ಬರುತ್ತದೆ. ಬ್ರೌಸರ್ ಮಾತ್ರ ತಪ್ಪಿದ್ದನ್ನೂ ತನಗೆ ತಿಳಿದಂತೆ ತೋರಿಸುತ್ತದೆ. ತಪ್ಪು ಎಲ್ಲಿದೆ ಎಂದು ಕಣ್ಣಿಗೇ ಕಾಣುತ್ತದೆ. ಸೋಲುವ ಹೆದರಿಕೆ ಇರುವ ಮಗುವಿಗೆ ಇಂಥ ಜಾಗ ಬೇಕು.

ಚಿತ್ರದ ಪಾಠ ಇನ್ನೂ ಸ್ವಾರಸ್ಯದ್ದು. ಪುಟದಲ್ಲಿ ಚಿತ್ರ ಕಾಣಿಸಿದರೂ ಆ ಕಡತದೊಳಗೆ ಚಿತ್ರವಿಲ್ಲ, ಚಿತ್ರ ಇರುವ ಜಾಗದ ವಿಳಾಸ ಮಾತ್ರ ಇದೆ. ಇದನ್ನು ಬಾಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ. ಪೆನ್ ಡ್ರೈವಿನಲ್ಲಿ ಪುಟ ಒಂದನ್ನೇ ಹಾಕಿಕೊಂಡು ಹೋಗಿ ಬೇರೆ ಕಂಪ್ಯೂಟರಿನಲ್ಲಿ ತೆರೆದ ದಿನ ಹತ್ತುತ್ತದೆ. ಕೆರೆಯ ಚಿತ್ರ ಇದ್ದ ಕಡೆ ಹರಿದ ಹಾಳೆಯಂಥ ಗುರುತು ಕಾಣುತ್ತದೆ. ಕಡತ, ಫೋಲ್ಡರು, ವಿಳಾಸ ಎಂಬ ಮೂರೂ ಒಂದೇ ಸಲಕ್ಕೆ ತಲೆಗೆ ಹೋಗುತ್ತವೆ. ಕಡತದ ಹೆಸರನ್ನು ಇಂಗ್ಲಿಷಿನ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಬರೆಯಿಸಿ. ವಿಂಡೋಸ್ ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಎಣಿಸುವುದಿಲ್ಲ, ಲಿನಕ್ಸ್ ಎಣಿಸುತ್ತದೆ. ಮುಂದೆ ಸೈಟನ್ನು ಬೇರೆಡೆ ಇಟ್ಟಾಗ ಚಿತ್ರಗಳು ಮಾಯವಾಗಲು ಇದೂ ಒಂದು ಕಾರಣ.

ಬಣ್ಣ ಹಚ್ಚುವ ದಿನವನ್ನು ನಾನು ಬೇಕೆಂದೇ ತಡ ಮಾಡುತ್ತೇನೆ, ಅದು ಬಂದರೆ ಬೇರೆ ಕೆಲಸ ನಿಲ್ಲುತ್ತದೆ. ಪುಟದ ಅಂದಚಂದ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಬಣ್ಣಗಳಿಗೆ 140ಕ್ಕೂ ಹೆಚ್ಚು ಹೆಸರುಗಳಿವೆ, ಟೊಮ್ಯಾಟೊ, ಚಾಕೊಲೇಟ್ ಎಂಬ ಬಣ್ಣಗಳೂ ಇವೆ. ಬಣ್ಣ ಎಂಬುದರ ಇಂಗ್ಲಿಷ್ ಕಾಗುಣಿತದಲ್ಲಿ ಪಠ್ಯಪುಸ್ತಕದ ಯು ಅಕ್ಷರ ಇಲ್ಲಿ ಇರಬಾರದು ಎಂಬುದನ್ನು ಮಾತ್ರ ಮೊದಲೇ ಹೇಳಿಬಿಡಿ, ಮಕ್ಕಳು ಒಂದು ತರಗತಿಯನ್ನೇ ಅದಕ್ಕೆ ಕಳೆದುಕೊಳ್ಳುತ್ತಾರೆ.

ಈಗ ಕನ್ನಡದ ಮಾತು. ಇದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ನಿಮ್ಮ ಶಾಲೆಯ ಕನ್ನಡ ಪಂಡಿತರು ಈ ಕೆಲಸಕ್ಕೆ ಬೇಕಾಗುವುದು ಇಲ್ಲೇ.

ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಪ್ರಶ್ನೆಪತ್ರಿಕೆಗಳು ಹೆಚ್ಚಾಗಿ ಹಳೆಯ ನುಡಿ ಫಾಂಟಿನಲ್ಲಿರುತ್ತವೆ. ಅದರಲ್ಲಿ ಕಾಣುವುದು ಕನ್ನಡ, ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಹಾಗೆ ಬರೆದದ್ದನ್ನು ವೆಬ್ ಪುಟಕ್ಕೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ ಬೀಳುತ್ತದೆ. ಮಕ್ಕಳು ಮೊದಲ ದಿನದಿಂದಲೇ ಯೂನಿಕೋಡಿನಲ್ಲಿ ಬರೆಯಲಿ. ಕೀಲಿಮಣೆ ವಿನ್ಯಾಸ ಮಾತ್ರ ನುಡಿಯದೇ ಇರಲಿ, ಕೆ.ಪಿ. ರಾವ್ ರೂಪಿಸಿದ್ದು. ಕನ್ನಡದ ತರ್ಕಕ್ಕೆ ಅಷ್ಟು ಹೊಂದುವ ವಿನ್ಯಾಸ ಇನ್ನೊಂದಿಲ್ಲ. ನೋಟ್‌ಪ್ಯಾಡಿನಲ್ಲಿ ಉಳಿಸುವಾಗ ಯುಟಿಎಫ್-8 ಎಂದು ಆರಿಸಿ. 2019ರ ನಂತರದ ವಿಂಡೋಸ್ 10ರಲ್ಲಿ ಅದು ತಾನಾಗಿಯೇ ಆಗುತ್ತದೆ. ಶಾಲೆಗಳಲ್ಲಿ ಇನ್ನೂ ಇರುವ ಹಳೆಯ ಕಂಪ್ಯೂಟರುಗಳಲ್ಲಿ ಆಗುವುದಿಲ್ಲ. ಅಲ್ಲಿ ಆನ್ಸಿ ಎಂಬ ಹಳೆಯ ಸಂಕೇತದಲ್ಲಿ ಉಳಿಸಿದರೆ ಮಗು ಬರೆದ ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುತ್ತದೆ, ಮತ್ತೆ ಬರುವುದಿಲ್ಲ. ಒಂದು ಮಧ್ಯಾಹ್ನದ ಬರಹ ಹೀಗೆ ಹೋದರೆ ಎಷ್ಟೋ ಮಕ್ಕಳು ಮರುದಿನ ಕಂಪ್ಯೂಟರ್ ಕೋಣೆಗೆ ಬರುವುದಿಲ್ಲ. ದಯವಿಟ್ಟು ಇದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿ.

ಈಗ ಕ್ಷ ಅಕ್ಷರ ತೆಗೆದುಕೊಳ್ಳಿ. ಪರದೆಯ ಮೇಲೆ ಒಂದೇ ಅಕ್ಷರ. ಕಡತದೊಳಗೆ ಕ, ಹಲಂತ, ಷ ಎಂಬ ಮೂರು. ಕೀಲಿಮಣೆಯಲ್ಲೂ ಮಗು ಒತ್ತುವುದು ಮೂರೇ. ಕಾಣುವ ರೂಪ ಬೇರೆ, ಒಳಗಿರುವ ಮಾಹಿತಿ ಬೇರೆ, ನಡುವೆ ಒಂದು ನಿಯಮ ಕೆಲಸ ಮಾಡುತ್ತದೆ ಎಂಬುದು ಕಂಪ್ಯೂಟರ್ ವಿಜ್ಞಾನದ ಬುಡದಲ್ಲಿರುವ ವಿಚಾರ. ಇಂಗ್ಲಿಷ್ ಮಾತ್ರ ಬರೆಯುವ ಮಗುವಿಗೆ ಅದನ್ನು ವಿವರಿಸಿ ಹೇಳಬೇಕು. ಒತ್ತಕ್ಷರ ಕಲಿತ ಕನ್ನಡದ ಮಗುವಿಗೆ ಅದು ಎರಡನೆಯ ತರಗತಿಯಲ್ಲೇ ಗೊತ್ತಾಗಿದೆ.

ಇನ್ನೂ ಮುಂದೆ ಹೋಗೋಣ. ಏಳನೆಯ ತರಗತಿಯ ಮಕ್ಕಳು ಪುಟ ಕಟ್ಟಲು ಪಳಗಿದ ಮೇಲೆ ಜಾವಾಸ್ಕ್ರಿಪ್ಟಿನ ನಾಲ್ಕು ಸಾಲು ಹೇಳಿಕೊಡಿ. ಎಚ್‌ಟಿಎಂಎಲ್ ನಿಜವಾದ ಪ್ರೋಗ್ರಾಮಿಂಗ್ ಅಲ್ಲ ಎನ್ನುವವರ ಮಾತು ಸರಿಯೇ. ಅದು ಗುರುತು ಹಾಕುವ ಭಾಷೆ, ಲೆಕ್ಕ ಮಾಡುವುದಿಲ್ಲ, ತೀರ್ಮಾನ ತೆಗೆದುಕೊಳ್ಳುವುದಿಲ್ಲ. ಜಾವಾಸ್ಕ್ರಿಪ್ಟ್ ಬಂದಾಗ ಅದೇ ಪುಟ ಪ್ರೋಗ್ರಾಮಾಗುತ್ತದೆ. ಯೂನಿಕೋಡಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಕ ಅಕ್ಷರಕ್ಕೆ 3221, ಹ ಅಕ್ಷರಕ್ಕೆ 3257. 3221ರಿಂದ 3257ರವರೆಗೆ ಒಂದೊಂದಾಗಿ ಎಣಿಸುತ್ತಾ ಆ ಸಂಖ್ಯೆಯ ಅಕ್ಷರ ಬರೆ ಎಂದು ಕಂಪ್ಯೂಟರಿಗೆ ಹೇಳಿದರೆ ವ್ಯಂಜನಗಳೆಲ್ಲ ಸಾಲಾಗಿ ಬಂದು ನಿಲ್ಲುತ್ತವೆ. ಅದರೊಳಗೆ ಇನ್ನೊಂದು ಎಣಿಕೆ ಇಟ್ಟು, 3262ರ ಇಳಿಯಿಂದ 3276ರ ಔತ್ವದವರೆಗಿನ ಸ್ವರಚಿಹ್ನೆಗಳನ್ನು ಜೋಡಿಸಿದರೆ ಇಡೀ ಕಾಗುಣಿತ ಪುಟದ ಮೇಲೆ ಸುರಿಯುತ್ತದೆ. ಒಂದನೆಯ ತರಗತಿಯಲ್ಲಿ ದಿನಗಟ್ಟಲೆ ತಿದ್ದಿದ ಕೋಷ್ಟಕ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದದ್ದನ್ನು ನೋಡಿದ ಮಕ್ಕಳ ಮುಖವನ್ನು ನೀವೂ ಒಮ್ಮೆ ನೋಡಬೇಕು. ಲೂಪಿನೊಳಗೆ ಲೂಪು ಎಂದು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತಿಣುಕಾಡುವ ವಿಷಯ ಕಾಗುಣಿತದಲ್ಲಿ ಮೊದಲಿನಿಂದಲೂ ಇತ್ತು.

ಆ ಸಾಲಿನಲ್ಲಿ ಎರಡು ಕಡೆ ಖಾಲಿ ಚೌಕ ಬರುತ್ತದೆ, 3241 ಮತ್ತು 3252. ಒಂದು ಕಡೆ ಮಕ್ಕಳು ಎಂದೂ ಕಾಣದ ಅಕ್ಷರ ಬರುತ್ತದೆ, 3249ರಲ್ಲಿ ಱ. ಇದೇನು ಎಂದು ಮಕ್ಕಳು ಕೇಳುತ್ತಾರೆ. ಆಗ ಕನ್ನಡ ಮೇಷ್ಟ್ರು ಎದ್ದು ಬಂದು ಹಳಗನ್ನಡದ ಱ, ೞ ಕಥೆ ಹೇಳಲಿ. ಖಾಲಿ ಚೌಕಗಳ ಕಥೆ ನಾನು ಹೇಳುತ್ತೇನೆ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಕ್ರಮವಿರಲಿ ಎಂದು ನಮ್ಮಲ್ಲೇ ರೂಪಿಸಿದ ಇಸ್ಕಿ ಎಂಬ ಸಂಕೇತದ 1988ರ ರೂಪವನ್ನು ಯೂನಿಕೋಡ್ ಆಧಾರವಾಗಿ ಇಟ್ಟುಕೊಂಡಿತು. ಹಾಗಾಗಿ ತಮಿಳಿಗೆ ಬೇಕಾದ, ನಮಗಿಲ್ಲದ ಅಕ್ಷರಗಳ ಜಾಗ ನಮ್ಮ ಸಾಲಿನಲ್ಲಿ ಖಾಲಿ ಉಳಿದಿದೆ. ನಮ್ಮ ೞ ಆ ಸಾಲಿನಿಂದ ಹೊರಗೆ, 3294ರಲ್ಲಿ ಕೂತಿದೆ.

ಲಿಪಿಗಳಿಗೆಲ್ಲ ಒಂದೇ ಕ್ರಮ ಇಟ್ಟದ್ದರ ಫಲ ಪಾವಗಡದಲ್ಲಿ, ಬಾಗೇಪಲ್ಲಿಯಲ್ಲಿ, ಬಳ್ಳಾರಿಯ ಗಡಿಯಲ್ಲಿ ಇರುವ ನಿಮಗೆ ವಿಶೇಷವಾಗಿ ದಕ್ಕುತ್ತದೆ. ಕನ್ನಡದ ಅಕ್ಷರದ ಸಂಖ್ಯೆಯಿಂದ 128 ಕಳೆಯಿರಿ, ಬಹುಪಾಲು ಅಕ್ಷರಗಳಿಗೆ ಅದೇ ಉಚ್ಚಾರದ ತೆಲುಗು ಅಕ್ಷರ ಬರುತ್ತದೆ. 896 ಕಳೆದರೆ ದೇವನಾಗರಿ. ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡ ಓದುವ ಮಗು, ತನ್ನ ಹೆಸರನ್ನು ಕನ್ನಡದಲ್ಲಿ ಬರೆದರೆ ತೆಲುಗಿನಲ್ಲಿ ತೋರಿಸುವ ಪುಟವನ್ನು ಒಂದು ಕಳೆಯುವ ಲೆಕ್ಕದಿಂದ ಕಟ್ಟಬಲ್ಲದು. ಈ ಪಾಠ ಹೊರಗಿನ ಯಾವ ಕೋಡಿಂಗ್ ಕೋರ್ಸಿನಲ್ಲೂ ನಿಮಗೆ ಸಿಗಲಿಕ್ಕಿಲ್ಲ. ಅದನ್ನು ನಿಮ್ಮ ಮಕ್ಕಳ ಎರಡು ಭಾಷೆಗಳನ್ನು ಬಲ್ಲವರೇ ಮಾಡಬೇಕು.

ಮಕ್ಕಳಿಗೆ ಸರಿಯಾಗಿ ಓದಲು ಬರೆಯಲೇ ಬರುತ್ತಿಲ್ಲ, ಇದೆಲ್ಲ ಯಾವ ಭಾಗ್ಯಕ್ಕೆ ಎಂದು ಕೇಳುವ ಮೇಷ್ಟ್ರುಗಳನ್ನು ನಾನು ಗೌರವಿಸುತ್ತೇನೆ. ಅವರ ಪ್ರಶ್ನೆ ಸೋಮಾರಿತನದ್ದಲ್ಲ, ಕಾಳಜಿಯದ್ದು. ಓದು ಮತ್ತು ಕಂಪ್ಯೂಟರು ಎರಡರಲ್ಲಿ ಒಂದನ್ನೇ ಆರಿಸಬೇಕಾದರೆ ನಾನೂ ಓದನ್ನೇ ಆರಿಸುತ್ತೇನೆ. ಆದರೆ ಊರಿನ ಪುಟ ಕಟ್ಟುವುದರಲ್ಲಿ ಮುಕ್ಕಾಲು ಪಾಲು ಕೆಲಸ ಓದು ಬರಹದ್ದೇ. ನೋಟ್‌ಬುಕ್ಕಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ್ದನ್ನು ನೀವು ಕೆಂಪು ಶಾಯಿಯಲ್ಲಿ ಎಷ್ಟು ಸಲ ತಿದ್ದಿದರೂ ಕೇಳದ ಹುಡುಗ, ತನ್ನ ಪುಟವನ್ನು ಊರಿನವರು ನೋಡುತ್ತಾರೆಂದಾಗ ತಾನಾಗಿ ಬಂದು ಇದು ಸರಿಯೇ ಎಂದು ಕೇಳುತ್ತಾನೆ. ಪರದೆಯ ಮೇಲೆ ತಿದ್ದಿದರೆ ಹಾಳೆ ಗಲೀಜಾಗುವುದಿಲ್ಲ ಎಂಬ ಸಣ್ಣ ಕಾರಣಕ್ಕೂ ಮಕ್ಕಳು ಧೈರ್ಯವಾಗಿ ಮತ್ತೆ ಮತ್ತೆ ಬರೆಯುತ್ತಾರೆ. ಓದು ಹಿಂದಿರುವ ಮಗುವಿಗೇ ಇದು ಹೆಚ್ಚು ಬೇಕು ಎಂಬುದು ನನ್ನ ಅನುಭವ.

ಎಐಗೆ ಹೇಳಿದರೆ ಒಂದು ನಿಮಿಷದಲ್ಲಿ ವೆಬ್‌ಸೈಟ್ ಮಾಡಿಕೊಡುತ್ತದೆ ಎಂಬುದೂ ನಿಜ. ಅದು ಮಾಡಿಕೊಟ್ಟ ಪುಟದಲ್ಲಿ ನಿಮ್ಮೂರಿನ ಕೆರೆಯ ಬಗ್ಗೆ ಬರೆದಿರುವುದು ಸುಳ್ಳೋ ನಿಜವೋ ಎಂದು ಹೇಳಬಲ್ಲ ಮಗು ಮೊದಲು ಬೆಳೆಯಲಿ.

ಕೆಲವು ಎಚ್ಚರಿಕೆಗಳು. ಮೂವರು ಮಕ್ಕಳಿಗೆ ಒಂದು ಕಂಪ್ಯೂಟರ್ ಇರುವ ಕಡೆ ಮೌಸ್ ಹುಡುಗರ ಕೈಗೆ ಹೋಗುತ್ತದೆ, ಹುಡುಗಿಯರು ಹಿಂದೆ ನಿಂತು ನೋಡುತ್ತಾರೆ. ಇದು ತಾನಾಗಿ ಸರಿಹೋಗುವುದಿಲ್ಲ. ಒಬ್ಬರು ಬರೆಯುವವರು, ಒಬ್ಬರು ಓದಿ ಹೇಳುವವರು, ಒಬ್ಬರು ತಪ್ಪು ಹುಡುಕುವವರು ಎಂದು ಪಾಳಿ ಹಾಕಿ. ಪಾಳಿ ಹುಡುಗಿಯಿಂದಲೇ ಶುರುವಾಗಲಿ. ಎರಡನೆಯದು, ಮಕ್ಕಳ ಫೋಟೊ, ಪೂರ್ತಿ ಹೆಸರು, ಮನೆಯ ಫೋನ್ ನಂಬರು ಪುಟದಲ್ಲಿ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ಕಾಯ್ದೆ ಇಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ. ಸೈಟನ್ನು ಇಂಟರ್‌ನೆಟ್ಟಿಗೆ ಏರಿಸಲೇಬೇಕೆಂದಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ, ಒಂದು ಪೆನ್ ಡ್ರೈವಿನಲ್ಲಿ ಇದ್ದರೆ ಸಾಕು. ಎಸ್‌ಡಿಎಂಸಿ ಸಭೆಯ ದಿನ ತಂದೆತಾಯಿಗಳನ್ನು ಕೂರಿಸಿ, ಮಕ್ಕಳ ಕೈಯಲ್ಲೇ ಪುಟಗಳನ್ನು ತೆರೆಸಿ ತೋರಿಸಿ. ಚಿತ್ರಗಳನ್ನು ಎಲ್ಲಿಂದಲೋ ಎತ್ತಿ ಹಾಕುವುದಕ್ಕಿಂತ ಮಕ್ಕಳು ಬರೆದ ಚಿತ್ರಗಳನ್ನೇ ಮೊಬೈಲಿನಲ್ಲಿ ತೆಗೆದು ಹಾಕಿ.

ನಾವು ಹಳ್ಳಿ ಶಾಲೆಯವರು, ನಮ್ಮಿಂದ ಆಗುತ್ತದೆಯೇ ಎನ್ನಬೇಡಿ. ನಲಿ-ಕಲಿ ಪದ್ಧತಿ ಬೆಂಗಳೂರಿನ ಕಚೇರಿಯಲ್ಲಿ ಹುಟ್ಟಿದ್ದಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯ ಪ್ರಾಥಮಿಕ ಶಾಲಾ ಶಿಕ್ಷಕರು ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕಲಿಕೆಯ ಕಾರ್ಡುಗಳನ್ನು ಬರೆದರು. ಅದು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿತು. ಪಕ್ಕದ ಕೇರಳದಲ್ಲಿ ಶಾಲೆಗಳು ಬಹಳ ಹಿಂದೆಯೇ ಮುಕ್ತ ತಂತ್ರಾಂಶಕ್ಕೆ ಬದಲಾದವು. ಸ್ಕೂಲ್ ವಿಕಿ ಎಂಬ ಒಂದೇ ಜಾಗದಲ್ಲಿ ಸಾವಿರಾರು ಶಾಲೆಗಳ ಮೇಷ್ಟ್ರುಗಳು, ಮಕ್ಕಳು ತಮ್ಮ ಶಾಲೆಯ, ತಮ್ಮ ಊರಿನ ವಿಷಯ ಮಲಯಾಳದಲ್ಲಿ ಬರೆದಿದ್ದಾರೆ. ಅವರಿಗಾದದ್ದು ನಮಗೆ ಆಗದಿರಲು ಕಾರಣವಿಲ್ಲ.

ನಿಮಗೆ ಕೋಡ್ ಬರಬೇಕಾದ್ದಿಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಹನ್ನೆರಡು ಟ್ಯಾಗುಗಳನ್ನು ನೀವೂ ಕಲಿಯಬೇಕು. ನಿಮ್ಮ ಊರಿನ ಬಗ್ಗೆ ಒಂದು ಪುಟ ಮೊದಲು ನೀವೇ ಕಟ್ಟಿ, ಅದಕ್ಕೆ ಒಂದು ದಸರಾ ರಜೆ ಸಾಕು. ಅಲ್ಲಿಂದಾಚೆ ಮಕ್ಕಳು ನಿಮ್ಮನ್ನು ದಾಟಿ ಹೋಗುತ್ತಾರೆ. ಆಗ ಅವರ ಹಿಂದೆ ನಿಂತು, ಇದನ್ನು ಯಾರಿಗೆ ಹೇಳುತ್ತಿದ್ದೀಯ, ಇದು ನಿಜವೇ, ಯಾರನ್ನು ಕೇಳಿದೆ ಎಂದು ವಿಚಾರಿಸುವವರು ಬೇಕು. ಆ ಕೆಲಸ ನಿಮ್ಮದು, ಯಾವ ಆ್ಯಪೂ ಅದನ್ನು ಮಾಡುವುದಿಲ್ಲ.

ಕೊನೆಯದಾಗಿ, ಪ್ರೌಢಶಾಲೆಗಳ ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ. ಕಂಪ್ಯೂಟರ್ ಕೋಣೆ ಇರುವುದು ನಿಮ್ಮಲ್ಲಿ, ಕಲಿಯುವ ವಯಸ್ಸಿನ ಚಿಕ್ಕ ಮಕ್ಕಳಿರುವುದು ಪಕ್ಕದ ಪ್ರಾಥಮಿಕ ಶಾಲೆಯಲ್ಲಿ. ಯಂತ್ರ ಹಾಳಾದೀತೆಂದು ಎಷ್ಟೋ ಕಡೆ ಆ ಕೋಣೆಗೆ ವರ್ಷವಿಡೀ ಬೀಗ ಬಿದ್ದಿರುತ್ತದೆ. ಬಳಸದೆ ಹಾಳಾಗುವುದಕ್ಕಿಂತ ಮಕ್ಕಳ ಕೈಯಲ್ಲಿ ಸವೆಯುವುದು ಮೇಲು. ಶನಿವಾರ ಬೆಳಗಿನ ತರಗತಿ ಮುಗಿದ ಮೇಲೆ ಎರಡು ಗಂಟೆ ಆ ಕೋಣೆಯನ್ನು ಪಕ್ಕದ ಶಾಲೆಯ ಆರು, ಏಳನೆಯ ತರಗತಿಯ ಮಕ್ಕಳಿಗೆ ತೆರೆದು ಕೊಡಿ. ಪ್ರಾಥಮಿಕ ಶಾಲೆಯ ಮೇಷ್ಟ್ರುಗಳೇ, ಅವರು ತಾವಾಗಿ ಕರೆಯಲಿ ಎಂದು ಕಾಯಬೇಡಿ. ಈ ವಾರವೇ ಹೋಗಿ ಕೇಳಿ.

ಇಂತಿ,
ನಿಮ್ಮ ಮಕ್ಕಳ ಜೊತೆ ಕೂತು ಕಲಿಯುತ್ತಿರುವ ಒಬ್ಬ ಸಾಫ್ಟ್‌ವೇರ್ ಕೆಲಸಗಾರ